ಅಮ್ಮನ ಶ್ರುತಿ

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ನಮ್ಮ ಹಿರಿಯರು ಕರೆದಿರುವರು. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳುವಾಗ ಈ ಮಾತನ್ನು ನಾನು ಎಷ್ಟೋ ಸಲ ಆಡಿದ್ದುಂಟು. ಅದರ ಅರ್ಥವು ತಿಳಿದುದು ಮಾತ್ರ ಅರುವತ್ತನೆಯ ವಯಸ್ಸಿನಲ್ಲಿ, ಅದೂ ನನ್ನ ಮಗನಿಂದ.

ಮಗನು ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸದಲ್ಲಿರುವನು. ಸಮೀಪದ ಕಾಡುಗೋಡಿಯಲ್ಲಿ ನಮ್ಮ ವಾಸ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ವಿದ್ಯುತ್ತಿನಿಂದ ಹುಟ್ಟಿದ ನಾದಗಳನ್ನು ಜೋಡಿಸುವುದು ಅವನ ಹವ್ಯಾಸ. ಅದರಲ್ಲಿಯೂ 'ಡೌನ್‌ಟೆಂಪೊ' ಎಂಬ ವಿಳಂಬ ನಡೆಯ ಬಗೆಯು ಅವನಿಗೆ ಪ್ರಿಯ. "ಇದೂ ಒಂದು ಸಂಗೀತವೇ?" ಎಂದು ನಾನು ಹಲವು ಸಲ ಗದರಿದ್ದೆನು. ಅವನು ಎದುರಾಡುತ್ತಿರಲಿಲ್ಲ, ಕೋಣೆಯ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದನು. ಹೀಗೆ ನಮ್ಮಿಬ್ಬರ ನಡುವಣ ಮಾತು ಕಡಿಮೆಯಾಗುತ್ತ ಬಂದಿತ್ತು.

ನಮ್ಮ ತಾಯಿಯವರು 1987ರ ಗೌರಿಹಬ್ಬದಲ್ಲಿ ಹಾಡಿದ ಆರತಿಯ ಹಾಡೊಂದು ಕ್ಯಾಸೆಟ್ಟಿನಲ್ಲಿತ್ತು. ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದುವು. ಅವರ ಧ್ವನಿಯು ಉಳಿದಿರುವುದು ಅದೊಂದರಲ್ಲಿಯೇ. ಟೇಪು ಕೆಟ್ಟುಹೋದೀತೆಂದು ಮಗನು ಅದನ್ನು ಕಂಪ್ಯೂಟರಿಗೆ ಇಳಿಸಿದನು. ಕೆಲವು ದಿನಗಳ ಮೇಲೆ, "ಅಪ್ಪಾ, ಅಜ್ಜಿಯ ಹಾಡಿಗೆ ನನ್ನ ಸಂಗೀತವನ್ನು ಸೇರಿಸಿದ್ದೇನೆ, ಕೇಳಿ" ಎಂದನು.

ಕೇಳಿದೆನು. ಅದು ನಮ್ಮ ತಾಯಿಯ ಧ್ವನಿಯಲ್ಲ, ಯಾರೋ ಎಳೆಯ ಹುಡುಗಿಯದು. ಮಾತಾಡದೆ ಎದ್ದುಹೋದೆನು.

ಮರುದಿನ ಬೆಳಗ್ಗೆ ಅವನೇ ಬಂದು ವಿವರಿಸಿದನು. ಅವನ ಸಂಗೀತದಲ್ಲಿ ನಿಮಿಷಕ್ಕೆ 84 ಪೆಟ್ಟುಗಳು. ಅಜ್ಜಿಯ ಹಾಡಿನಲ್ಲಿ ಸುಮಾರು 76. ಲಯ ಕೂಡಲೆಂದು ಹಾಡನ್ನು ವೇಗವಾಗಿ ಓಡಿಸಿದನು. ಧ್ವನಿಮುದ್ರಣವನ್ನು ನೂರಕ್ಕೆ ಸುಮಾರು 6ರಷ್ಟು ವೇಗವಾಗಿ ಓಡಿಸಿದರೆ ಸ್ವರಗಳೆಲ್ಲವೂ ಒಂದು ಸ್ವರಸ್ಥಾನದಷ್ಟು ಮೇಲೇರುವುವು. ಇಲ್ಲಿ ಹೆಚ್ಚು ಕಡಿಮೆ ಎರಡು ಸ್ಥಾನ ಏರಿದ್ದುವು. ಶ್ರುತಿಯನ್ನು ಕದಲಿಸದೆ ವೇಗವನ್ನು ಮಾತ್ರ ಬದಲಿಸುವ ಉಪಾಯವೂ ಕಂಪ್ಯೂಟರಿನಲ್ಲುಂಟು. "ಆದರೆ ಹೀಗೆ ಮಾಡಿದಾಗ ಒಂದೇ ಏಟಿಗೆ ಶ್ರುತಿಯೂ ನನ್ನದಕ್ಕೆ ಹತ್ತಿರ ಬಂದಿತು, ಆಸೆಪಟ್ಟೆ" ಎಂದನು.

ಎರಡು ಹಾಡುಗಳನ್ನು ಬೆರೆಸುವವರು ಅವುಗಳ ಆಧಾರಶ್ರುತಿಗಳ ಸಂಬಂಧವನ್ನು ನೋಡುವರಂತೆ. ಎರಡೂ ನಮ್ಮ ಶಂಕರಾಭರಣದ ಸ್ವರಗಳಲ್ಲಿದ್ದು, ಒಂದರ ಪಂಚಮವೇ ಇನ್ನೊಂದರ ಷಡ್ಜವಾದರೆ, ಏಳು ಸ್ವರಗಳಲ್ಲಿ ಆರು ಸಮಾನವಾಗಿರುವುವು. ಬೆರೆಸಿದರೆ ಕಿವಿಗೆ ಕರ್ಕಶವಾಗದು. ನಾನು ಬೆರಳೆಣಿಸಿ ನೋಡಿದೆನು. ಆ ಎರಡನೆಯದನ್ನು ಮೊದಲಿನ ಷಡ್ಜದಿಂದ ಎಣಿಸಿದರೆ ಕಲ್ಯಾಣಿಯ ಸ್ವರಗಳು! "ಇದು ನಮ್ಮ ಗ್ರಹಭೇದವಲ್ಲವೇನಯ್ಯ?" ಎಂದೆನು. ಬಹುಕಾಲದ ಮೇಲೆ ಇಬ್ಬರೂ ನಕ್ಕೆವು.

ನಮ್ಮ ದೇವರ ಮನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೊಂದಿದೆ. ಬೆಂಗಳೂರಿನ ಇಂಜಿನಿಯರರೂ ವೇಣುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರಚಿಸಿದರು. ಅವರು ಸ್ಥಾಪಿಸಿದ ರೇಡಲ್ ಸಂಸ್ಥೆಯು ಇಂತಹ ತಂಬೂರಿಗಳನ್ನೂ ತಾಳದ ಪೆಟ್ಟಿಗೆಗಳನ್ನೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಯಾರಿಸಿತು. ನಾನು ಮಗನಿಗೆ ಆ ಪೆಟ್ಟಿಗೆಯನ್ನು ತೋರಿಸಿ, "ಇದರಲ್ಲಿ ಶ್ರುತಿಯನ್ನು ಏರಿಳಿಸುವ ಗುಂಡಿಯನ್ನು ಇಟ್ಟಿರುವುದು ಏತಕ್ಕೆ? ಪೆಟ್ಟಿಗೆಯು ಕಂಠಕ್ಕೆ ಹೊಂದಲೆಂದು, ಕಂಠವು ಪೆಟ್ಟಿಗೆಗೆ ಹೊಂದಲೆಂದಲ್ಲ" ಎಂದೆನು.

ಅವನು ಏನೂ ಹೇಳಲಿಲ್ಲ. ಒಂದು ವಾರ ದುಡಿದು ತನ್ನ ಸಂಗೀತವನ್ನೇ ಅಜ್ಜಿಯ ಶ್ರುತಿಗೆ ಇಳಿಸಿದನು. ಲಯವನ್ನು 76ಕ್ಕೆ ತಂದನು. ಅಷ್ಟರಿಂದಲೂ ಸಾಲಲಿಲ್ಲ. ಯಂತ್ರದ ಪೆಟ್ಟುಗಳು ಸಮ. ನಮ್ಮ ತಾಯಿಯವರಾದರೋ ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಂಡು ತುಸು ನಿಧಾನಿಸುತ್ತಿದ್ದರು. ಸಾಲುಸಾಲಿಗೂ ಪೆಟ್ಟುಗಳನ್ನು ಸರಿಸಿದನು; ಅವರು ಕೆಮ್ಮಿದ ಒಂದೆಡೆಯಲ್ಲಿ ಪೆಟ್ಟನ್ನೇ ನಿಲ್ಲಿಸಿ ಕಾದನು.

ಮತ್ತೆ ಕೇಳಿದೆನು. ಈ ಸಲ ನಮ್ಮ ತಾಯಿಯೇ ಹಾಡಿದರು. ಆರತಿ ಎತ್ತುವಾಗಿನ ಅವರ ಬಳೆಗಳ ಸದ್ದು ಕೂಡ ಇತ್ತು.

ಜೀವವುಳ್ಳುದರ ಬಳಿಗೆ ಯಂತ್ರವು ಹೋಗಬೇಕೆಂದು ಮಗನಿಗೆ ಹೇಳಿದವನು ನಾನು. ಆದರೆ ಇಷ್ಟು ವರ್ಷ ನನ್ನ ಶ್ರುತಿಗೇ ಅವನು ಬರಲೆಂದು ಪಟ್ಟುಹಿಡಿದು ಕುಳಿತಿದ್ದವನೂ ನಾನೇ. ಈಗ ರಾತ್ರಿ ಅವನ ಕೋಣೆಯ ಬಾಗಿಲು ತೆರೆದಿರುತ್ತದೆ. ನಾನೂ ಒಂದು ಗಳಿಗೆ ಹೋಗಿ ಕುಳಿತಿರುತ್ತೇನೆ.