ಹೆಸರು ಯಾರ ಸ್ವತ್ತು?

ನಿಮ್ಮಲ್ಲಿ ಹಲವರು ಇಲ್ಲೇ ಮದರಾಸಿನಲ್ಲಿ ಹುಟ್ಟಿ ಬೆಳೆದು, ಈಗ ನೌಕರಿಯ ಗೊಡವೆಯೇ ಬೇಡವೆಂದು ಸ್ವಂತ ಉದ್ಯೋಗಕ್ಕೆ ಕೈಹಾಕಿದ್ದೀರಿ. ಸಂತೋಷ. ಆದರೆ ಅಂತರ್ಜಾಲದಲ್ಲಿ ಮೊದಲು ಹೋಗಿ ಹಣ ಕಟ್ಟಿ ಹೆಸರು ಹಿಡಿದರೆ ಅದು ತನ್ನದೇ ಆಯಿತು ಎಂದು ನೀವು ಹೇಳುವಾಗಲೆಲ್ಲ ನನಗೊಂದು ಹಳೆಯ ವ್ಯಾಜ್ಯ ನೆನಪಾಗುತ್ತದೆ.

ನಮ್ಮ ಮದರಾಸಿನ ಸತ್ಯಂ ಇನ್ಫೋವೇ ಕಂಪೆನಿ ತನ್ನ ಹೆಸರಿನ ತುಣುಕುಗಳನ್ನೇ ಜೋಡಿಸಿ ‘ಸಿಫಿ’ ಎಂಬ ಪದ ಕಟ್ಟಿತ್ತು. 1999ರಲ್ಲಿ ಆ ಪದವಿರುವ ಹಲವು ಡೊಮೇನ್ ಹೆಸರುಗಳನ್ನು ನೋಂದಾಯಿಸಿತು. 2001ರಲ್ಲಿ ಇನ್ನೊಂದು ಸಂಸ್ಥೆ ‘ಸಿಫ್ಫಿನೆಟ್’ ಎಂದು ಶುರುಮಾಡಿತು. ಒಂದು ‘ಎಫ್’ ಹೆಚ್ಚು, ಅಷ್ಟೆ! ಕೇಳಿದರೆ, ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳು ಎಂಬ ಉತ್ತರ. ಮೊಕದ್ದಮೆ ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಇಬ್ಬರ ವ್ಯಾಪಾರ ಬೇರೆ ಬೇರೆ, ಗಿರಾಕಿಗಳಿಗೆ ಗೊಂದಲವಾಗದು ಎಂದು ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಮೊದಲಕ್ಷರಗಳ ಕಥೆಯನ್ನು ಅದು ನಂಬಲಿಲ್ಲ. ನನಗೂ ನಂಬಿಕೆ ಬರುವುದಿಲ್ಲ.

ಡೊಮೇನ್ ಹೆಸರುಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇರಲಿಲ್ಲ. ಹಾಗೆಂದು ರಕ್ಷಣೆಯೇ ಇಲ್ಲವೆಂದಲ್ಲ ಎಂದಿತು ಕೋರ್ಟು. ಆ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು. ಇನ್ನೊಬ್ಬರ ಹೆಸರಿನ ಮರೆಯಲ್ಲಿ ತನ್ನ ಸರಕು ಸಾಗಿಸುವುದಕ್ಕೆ ವಕೀಲರು ‘ಪಾಸಿಂಗ್ ಆಫ್’ ಎನ್ನುತ್ತಾರೆ. ಆ ಹಳೆಯ ನ್ಯಾಯವೇ ಇಲ್ಲಿಗೂ ಸಲ್ಲುತ್ತದೆ.

ಇದನ್ನೀಗ ಹೇಳಲು ಕಾರಣವಿದೆ. ನನ್ನ ತಂಗಿ ವರ್ಷಾನುಗಟ್ಟಲೆ ಮನೆಯಲ್ಲೇ ಹಪ್ಪಳ, ಸಾರಿನ ಪುಡಿ ಮಾಡಿ ಮಾರಿ ಮಕ್ಕಳನ್ನು ಓದಿಸಿದವಳು. ಮಗಳು ಅದೇ ಹೆಸರಿನಲ್ಲಿ ಅಂತರ್ಜಾಲದಲ್ಲಿ ಮಾರಲು ಹೊರಟರೆ, ಯಾರೋ ಆ ಹೆಸರಿನ ‘ಡಾಟ್ ಇನ್’ ವಿಳಾಸವನ್ನು ಮೊದಲೇ ಹಿಡಿದಿಟ್ಟು, ಬೇಕಾದರೆ ದುಡ್ಡು ಕೊಡಿ ಎನ್ನುತ್ತಿದ್ದಾರೆ. ತಂಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

‘ಡಾಟ್ ಇನ್’ ತಕರಾರುಗಳನ್ನು ಮಧ್ಯಸ್ಥಗಾರರ ಮುಂದೆ ತೀರ್ಮಾನಿಸುವ ನಿಯಮ 2005ರಿಂದ ಇದೆ. ದೂರುವವರು ಮೂರು ಸಂಗತಿ ತೋರಿಸಬೇಕು: ಆ ವಿಳಾಸ ನಮಗೆ ಹಕ್ಕಿರುವ ಹೆಸರಿನಂತೆಯೇ ಇದೆ, ಹಿಡಿದವರಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಹಿಡಿದದ್ದು ಅಥವಾ ಬಳಸುತ್ತಿರುವುದು ದುರುದ್ದೇಶದಿಂದ. ಬರೀ ‘ಉಡುಪಿ ಹೋಟೆಲ್’ ಎಂದು ಹೆಸರಿಟ್ಟವರಿಗೆ ಈ ದಾರಿ ಕಷ್ಟ. ಊರ ಹೆಸರನ್ನು ಒಬ್ಬರೇ ಕಿಸೆಗೆ ಹಾಕಿಕೊಳ್ಳುವುದು ಹೇಗೆ? ಪುಣ್ಯಕ್ಕೆ ತಂಗಿ ಇಟ್ಟದ್ದು ನಮ್ಮ ಅಜ್ಜಿಯ ಅಡ್ಡಹೆಸರು.

ಟ್ರೇಡ್‌ಮಾರ್ಕ್ ನೋಂದಣಿ ಅವಳು ಮಾಡಿಸಿರಲಿಲ್ಲ. ನೀವು ಮಾಡಿಸಿಡಿ; ಮೊದಲ ದಿನದ ಬಿಲ್ಲನ್ನೂ ಎಸೆಯಬೇಡಿ. ನೋಂದಣಿ ಇಲ್ಲದವರು ಹೆಸರು ತಮ್ಮದೆಂದು ತೋರಿಸಬೇಕಾದರೆ ಬಳಕೆಯ ದಾಖಲೆಯೇ ಆಧಾರ. ಮೊನ್ನೆ ಅಟ್ಟದಿಂದ ರಶೀದಿ ಪುಸ್ತಕಗಳನ್ನು ಇಳಿಸಿದೆವು. ಛತ್ರಗಳಿಗೆ ಕೊಟ್ಟ ಬಿಲ್ಲುಗಳು, ಎಣ್ಣೆ ಹತ್ತಿದ ಲೇಬಲ್ಲುಗಳು, ಎಲ್ಲದರ ಮೇಲೂ ಅಜ್ಜಿಯ ಹೆಸರಿದೆ. ಸೊಸೆ ಅವನ್ನು ವರ್ಷವಾರು ಜೋಡಿಸುತ್ತಿದ್ದಾಳೆ.