ನಮ್ಮ ರಾಜನ ಅಸ್ವಸ್ಥತೆ

ಪಕ್ಷಿಗಳನ್ನು ಸಾಕುವವರು ಮೊಟ್ಟಮೊದಲು ತಿಳಿದಿರತಕ್ಕ ಸಂಗತಿಯೊಂದುಂಟು. ನಾಯಿಗೆ ನೋವಾದರೆ ಅದು ಕುಂಯ್ಗುಡುತ್ತ ನಮ್ಮ ಕಾಲ ಬಳಿಗೆ ಬರುವುದು. ಹಸುವು ಮೇವನ್ನು ಬಿಟ್ಟು ಮುಖ ತಿರುಹುವುದು. ಹಕ್ಕಿಯಾದರೋ ತನ್ನ ರೋಗವನ್ನು ಕಡೆಯ ಗಳಿಗೆಯ ಪರಿಯಂತರ ಬಚ್ಚಿಡುವುದು. ಕಾಡಿನಲ್ಲಿ ಬಳಲಿದ ಹಕ್ಕಿಯೇ ಗಿಡುಗನ ಕಣ್ಣಿಗೆ ಮೊದಲು ಬೀಳುವುದರಿಂದ, ಬಳಲಿಕೆಯನ್ನು ತೋರ್ಪಡಿಸದಿರುವುದು ಅದರ ಹುಟ್ಟುಗುಣವಾಗಿದೆ. ಆದುದರಿಂದ ಪಂಜರದ ಹಕ್ಕಿಯು ಗರಿಗಳನ್ನು ಉಬ್ಬಿಸಿಕೊಂಡು, ಕೋಲನ್ನು ಬಿಟ್ಟಿಳಿದು, ತಳದಲ್ಲಿ ಕುಳಿತಿತೆಂದರೆ ಅದಕ್ಕೆ ಉಳಿದಿರುವ ಕಾಲವು ಬಹು ಸ್ವಲ್ಪವೆಂದು ಭಾವಿಸಬೇಕು. ನಮ್ಮ ರಾಜನು 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಹೀಗೆಯೇ ಕುಳಿತಿದ್ದನು.

ರಾಜನು ನಮ್ಮ ವಿದ್ಯಾರ್ಥಿನಿಲಯಕ್ಕೆ ಬಂದುದು ಅದರ ಹಿಂದಿನ ವರ್ಷದ ಏಪ್ರಿಲಿನಲ್ಲಿ. ಹತ್ತನೆಯ ತರಗತಿಯನ್ನು ಮುಗಿಸಿ ಹೊರಟ ಅಕ್ಕಂದಿರು ನಮಗೊಂದು ಕಾಣಿಕೆಯನ್ನು ಕೊಡಬೇಕೆಂದು ಹಣ ಕೂಡಿಸಿ, ಮೊದಲು ಗಿಣಿಯನ್ನೇ ತರುವೆವೆಂದಿದ್ದರು. ನಮ್ಮ ನಾಡಿನ ಗಿಣಿಯನ್ನು ಪಂಜರದಲ್ಲಿಡುವುದು 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ವಾರ್ಡನ್ ಅಮ್ಮನವರು ತಿಳಿಹೇಳಲಾಗಿ, ಅವರು ಪೇಟೆಗೆ ಹೋಗಿ ಹಸುರು ಮೈಯ, ಹಳದಿ ಮೊಗದ, ಬೆನ್ನಿನ ಮೇಲೆ ಕಪ್ಪು ತೆರೆಗಳುಳ್ಳ ಚಿಕ್ಕ ಹಕ್ಕಿಯೊಂದನ್ನು ತಂದರು. ಇದನ್ನು ನಮ್ಮ ಕಡೆಯ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎನ್ನುವರು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇದಾದರೋ ಆಸ್ಟ್ರೇಲಿಯದ ಒಣನಾಡಿನ ಬಡ್ಜರಿಗಾರ್. ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞರು 1840ರಲ್ಲಿ ಇವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದರು. ಅಲ್ಲಿಂದ ಇವು ಲೋಕದ ಮನೆಮನೆಗಳಿಗೂ ಹಬ್ಬಿದವು.

ಅಂಗಡಿಯವನು ಆ ಮರಿಯ ಮೂಗಿನ ಮೇಲಿನ ತೆಳುನೀಲಿಯನ್ನು ತೋರಿಸಿ, “ಇದು ಗಂಡು, ತಾಯಿ, ಗಂಡೇ ಮಾತು ಕಲಿಯುವುದು” ಎಂದು ಹೇಳಿ ಐವತ್ತು ರೂಪಾಯಿ ಹೆಚ್ಚಾಗಿ ತೆಗೆದುಕೊಂಡನಂತೆ. ಹೀಗೆ ಬೆಲೆಯೊಡನೆ ಬಂದ ಗಂಡುತನಕ್ಕೆ ತಕ್ಕಂತೆ ರಾಜನೆಂಬ ಹೆಸರೂ ಆಯಿತು. ಮಾತನ್ನು ಕಲಿಸಲು ನಾವು ಪಟ್ಟ ಪ್ರಯಾಸವನ್ನು ಇಲ್ಲಿ ವಿಸ್ತರಿಸಲಾರೆವು. ಒಂದು ವರ್ಷದ ಬಳಿಕವೂ ರಾಜನು ಒಂದು ಶಬ್ದವನ್ನಾದರೂ ಆಡಲಿಲ್ಲ; ಗಣಿತದ ಪುಸ್ತಕದ ಅಂಚನ್ನು ಕತ್ತರಿಸುವುದರಲ್ಲಿ ಮಾತ್ರ ಅವನಿಗೆ ಸಮಾನರಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಅವನ ಮೂಗಿನ ನೀಲಿಯು ಮಾಸಿ, ಕಂದಾಗಿ, ಒರಟಾಗಿ ಹೆಕ್ಕಳಿಕೆಯಂತೆ ಆಯಿತು. ಮಲವು ಹಿಂದಿಗಿಂತ ಬಹಳ ದೊಡ್ಡದಾಯಿತು. ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅವನು ಪಂಜರದ ತಳದಲ್ಲಿ ಕಾಲಗಲಿಸಿ ಕುಳಿತಿದ್ದುದನ್ನು ಕಂಡೆವು. ಹೊಟ್ಟೆಯು ಬಾಲದ ಬುಡದಲ್ಲಿ ಉಬ್ಬಿತ್ತು. ಒಂದೊಂದು ಉಸಿರಿಗೂ ಬಾಲವು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ನವಣೆಯನ್ನು ಮುಂದಿಟ್ಟರೂ ಕಣ್ಣು ತೆರೆಯಲಿಲ್ಲ. ವಿಜ್ಞಾನದ ಕೋಣೆಯ ತಕ್ಕಡಿಯಲ್ಲಿ ತೂಗಿ ನೋಡಲಾಗಿ 41 ಗ್ರಾಂ. ತಿಂಗಳ ಹಿಂದೆ 36 ಗ್ರಾಂ ಇದ್ದಿತು. ಉಣ್ಣದ ಹಕ್ಕಿಯ ತೂಕವು ಏರುವುದು ಹೇಗೆ?

ನಮ್ಮ ವಿಜ್ಞಾನದ ಅಧ್ಯಾಪಕಿಯವರು ಬಹಳ ಓದಿಕೊಂಡವರು. ಅವರು ಪುಸ್ತಕವನ್ನು ಶೋಧಿಸಿ ಮೌನವಾದರು. ಬಲವಂತಪಡಿಸಿದ ಬಳಿಕ ಹೇಳಿದುದು ಇಷ್ಟು: ಗಂಡು ಬಡ್ಜರಿಗಾರಿನ ನೀಲಿ ಮೂಗು ಕಂದಾಗುವುದು ವೃಷಣದ ಗೆಡ್ಡೆಯ ಲಕ್ಷಣವಾಗಿರಬಹುದು, ಹೊಟ್ಟೆಯ ಉಬ್ಬರವೂ ಅದಕ್ಕೆ ಹೊಂದುತ್ತದೆ, ಹಾಗಿದ್ದಲ್ಲಿ ಗುಣವಾಗುವುದು ದುರ್ಲಭ. ಈ ಮಾತಿನಲ್ಲಿ ಶಾಸ್ತ್ರದ ತಪ್ಪು ಎಳ್ಳಷ್ಟೂ ಇರಲಿಲ್ಲ. ನಮ್ಮಲ್ಲಿ ಚಿಕ್ಕವರಾದವರು ಅಳತೊಡಗಿದರು. ದೊಡ್ಡವರು ಮಲ್ಲಿಗೆಯ ಗಿಡದ ಬುಡವನ್ನು ಒಂದು ವಿಧವಾಗಿ ನೋಡಿದರು. ಯಾಕೆಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಅಡಿಗೆಯ ಅಜ್ಜಿಯು ಗಂಜಿಯ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಅವಳು ತನ್ನ ಹಳ್ಳಿಯಲ್ಲಿ ಮೂವತ್ತು ವರ್ಷ ನಾಟಿಕೋಳಿಗಳನ್ನು ಸಾಕಿದವಳು. ಪಂಜರದೊಳಗೆ ಇಣಿಕಿ ನೋಡಿ, “ಅಯ್ಯೋ, ಇದಕ್ಕೆ ಅಳುವುದೇನ್ರೇ? ಇದು ಗಂಡಲ್ಲ, ಹೇಂಟೆ. ಮೊಟ್ಟೆ ಕಟ್ಟಿದೆ, ಇಡಲಾರದೆ ತಿಣುಕುತ್ತಿದೆ” ಎಂದಳು.

“ಅಜ್ಜೀ, ಇದು ರಾಜ” ಎಂದು ನಮ್ಮಲ್ಲೊಬ್ಬಳು ಬಿಕ್ಕುತ್ತಲೇ ಹೇಳಿದಳು.

“ಹೆಸರಿಟ್ಟವರು ನೀವು, ಹೊಟ್ಟೆಯೊಳಗಿನದು ನಿಮ್ಮನ್ನು ಕೇಳಿ ಬಂತೇ?”

ಅಧ್ಯಾಪಕಿಯವರು ಪುಸ್ತಕವನ್ನು ತಿರುಗಿ ತೆರೆದರು. ಹೆಣ್ಣು ಮರಿಯ ಮೂಗೂ ಬಿಳಿಚು ನೀಲಿಯಾಗಿಯೇ ಇರುವುದೆಂದೂ, ಮೊಟ್ಟೆಯ ಕಾಲಕ್ಕೆ ಅದು ಕಂದಾಗಿ ದಪ್ಪವಾಗುವುದೆಂದೂ, ಆಗ ಮಲವೂ ದೊಡ್ಡದಾಗುವುದೆಂದೂ ಅದೇ ಪುಸ್ತಕದ ಬೇರೊಂದು ಪುಟದಲ್ಲಿ ಇದ್ದಿತು. ಲಕ್ಷಣಗಳು ಅವೇ, ಅಂಗಡಿಯವನ ಒಂದು ಮಾತಿನಿಂದ ಅವುಗಳ ಅರ್ಥವು ಮರಣವಾಗಿದ್ದಿತು.

ಆದರೆ ಅಪಾಯವು ಕಳೆದಿರಲಿಲ್ಲ. ಸರಕಾರಿ ಪಶುವೈದ್ಯಶಾಲೆಯಲ್ಲಿ ಹಸು ಆಡುಗಳ ಸಾಲಿನ ನಡುವೆ ನಾವು ರಟ್ಟಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಕುಳಿತೆವು. ವೈದ್ಯರು ಬೆರಳ ತುದಿಯಿಂದ ಮುಟ್ಟಿ, ಗಜ್ಜುಗದಷ್ಟು ಗಾತ್ರದ ಮೊಟ್ಟೆಯು ದಾರಿಯಲ್ಲಿ ಸಿಕ್ಕಿಕೊಂಡಿದೆಯೆಂದರು. ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಹಕ್ಕಿಯು ತನ್ನ ರಕ್ತದಿಂದಲೂ ಎಲುಬಿನಿಂದಲೂ ಕೊಡಬೇಕು. ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳು ಬಿಗಿಯುವುದಕ್ಕೂ ಅದೇ ಬೇಕು. ಬರಿಯ ನವಣೆಯನ್ನು ತಿನ್ನುವ ಹಕ್ಕಿಯಲ್ಲಿ ಚಿಪ್ಪಾದ ಮೇಲೆ ಸ್ನಾಯುವಿಗೆ ಉಳಿಯುವುದೇನು? ಒಂದೆರಡು ದಿವಸಗಳಲ್ಲಿ ಹೊರಬಾರದಿದ್ದರೆ ಪ್ರಾಣಕ್ಕೇ ಮುಳುವು. ಎಣ್ಣೆ ಹಚ್ಚಿ ಒತ್ತಿದರಾದೀತೇ ಎಂದು ನಮ್ಮ ಅಜ್ಜಿಯು ಕೇಳಿಸಿದ್ದಳು. ಒಳಗೆ ಚಿಪ್ಪು ಒಡೆದರೆ ಹಕ್ಕಿಯು ಉಳಿಯದೆಂದು ಹೇಳಿ ವೈದ್ಯರು ಅದನ್ನು ಕಟ್ಟುನಿಟ್ಟಾಗಿ ಬೇಡವೆಂದರು. ಸುಣ್ಣಾಂಶದ ಔಷಧವನ್ನು ಕೊಕ್ಕಿಗೆ ಹನಿಸಿ, ಬೆಚ್ಚಗೆ, ತೇವವಾಗಿ, ಕತ್ತಲೆಯಲ್ಲಿ, ಸದ್ದಿಲ್ಲದೆ ಇಡಿರೆಂದು ಕಳುಹಿಸಿಕೊಟ್ಟರು.

ನಲವತ್ತು ಹುಡುಗಿಯರ ನಿಲಯದಲ್ಲಿ ಸದ್ದಿಲ್ಲದಿರುವುದೇ ಎಲ್ಲಕ್ಕಿಂತ ಕಠಿಣವಾದ ಔಷಧವಾಗಿತ್ತು. ಆದರೂ ಆ ರಾತ್ರಿ ಊಟದ ತಟ್ಟೆಗಳು ಕೂಡ ಸದ್ದು ಮಾಡಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ದೀಪವನ್ನಿಟ್ಟು, ಬಿಸಿನೀರಿನ ಬೋಗುಣಿಯ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸಿ, ಸರದಿಯಂತೆ ಇಬ್ಬಿಬ್ಬರು ಎಚ್ಚರವಾಗಿದ್ದೆವು. ವಾರ್ಡನ್ ಅಮ್ಮನವರು ಮಲಗಿರೆಂದು ಎರಡು ಸಲ ಗದರಿದರು. ಮೂರನೆಯ ಸಲ ತಾವೇ ಶಾಲು ಹೊದ್ದು ಬಂದು ಕುಳಿತರು. ಎರಡು ಗಂಟೆಯ ಹೊತ್ತಿಗೆ ಉಸಿರಿನ ಸಪ್ಪಳವೂ ಕೇಳಿಸದಂತಾದಾಗ ಪೆಟ್ಟಿಗೆಯನ್ನು ತೆರೆಯುವ ಧೈರ್ಯವು ಯಾರಿಗೂ ಬರಲಿಲ್ಲ. ನಾಲ್ಕೂವರೆಗೆ ಒಳಗಿನಿಂದ ಕಾಲು ಕೆರೆಯುವ ಶಬ್ದವಾಯಿತು. ತೆರೆದು ನೋಡಿದರೆ ಬಟ್ಟೆಯ ಮೇಲೆ ಬಿಳಿಯ ಮೊಟ್ಟೆ. ಅದರ ಪಕ್ಕದಲ್ಲಿ ಕೆದರಿದ ಗರಿಗಳ ರಾಜ, ನಮ್ಮ ಮೇಲೆ ಬಹಳ ಸಿಟ್ಟಾಗಿ!

ಬೆಳಿಗ್ಗೆ ಶಾಲೆಯಲ್ಲಿ ಈ ಸುದ್ದಿಯು ವ್ಯಾಕರಣದ ತೊಡಕಿಗೆ ಕಾರಣವಾಯಿತು. ರಾಜನು ಮೊಟ್ಟೆಯಿಟ್ಟನೆನ್ನಬೇಕೋ, ಇಟ್ಟಳೆನ್ನಬೇಕೋ? ಹಕ್ಕಿಯು ನಪುಂಸಕಲಿಂಗವಾದುದರಿಂದ ಇಟ್ಟಿತೆನ್ನಿರೆಂದು ಕನ್ನಡದ ಅಧ್ಯಾಪಕಿಯವರು ತೀರ್ಪು ಕೊಟ್ಟರು. ನಾವು ಒಪ್ಪಲಿಲ್ಲ. ರಾಣಿಯೆಂದು ಕರೆದು ನೋಡಿದೆವು; ಅವಳು ತಿರುಗಿಯೂ ನೋಡದ್ದರಿಂದ ರಾಜನೆಂಬ ಹೆಸರೇ ನಿಂತಿತು.

ದಿವಸ ಬಿಟ್ಟು ದಿವಸ ಇನ್ನೂ ಮೂರು ಮೊಟ್ಟೆಗಳಾದವು. ಸಮುದ್ರನೊರೆಯನ್ನು ಪಂಜರಕ್ಕೆ ಕಟ್ಟಿದ್ದುದರಿಂದ ಅವು ಸುಲಭವಾಗಿ ಬಂದವು. ಜೊತೆಗಾರನಿಲ್ಲದ ಹಕ್ಕಿಯ ಮೊಟ್ಟೆಗಳಾದುದರಿಂದ ಮರಿಗಳ ಆಸೆಯಿರಲಿಲ್ಲ. ಆದರೂ ತೆಗೆಯಬೇಡಿರಿ, ತೆಗೆದರೆ ಮತ್ತೆ ಮತ್ತೆ ಇಟ್ಟು ಸೊರಗುವುದೆಂದು ವೈದ್ಯರು ಎಚ್ಚರಿಸಿದ್ದರು. ಅವಳು ಮೂರು ವಾರ ಕಾವು ಕೂತು, ಬೇಸತ್ತು, ಒಂದು ದಿನ ತಾನೇ ಎದ್ದುಹೋದಳು.

ಇದೆಲ್ಲ ಆದುದು ಯಾಕೆಂಬುದನ್ನೂ ವೈದ್ಯರೇ ತಿಳಿಸಿದರು. ತವರಿನಲ್ಲಿ ಈ ಹಕ್ಕಿಗಳು ಮಳೆ ಬಂದು ಹುಲ್ಲು ತೆನೆಗಟ್ಟಿದಾಗ ಮರದ ಪೊಟರೆಗಳಲ್ಲಿ ಮೊಟ್ಟೆಯಿಡುವುವು. ನಮ್ಮಲ್ಲಿ ಮಳೆಯಿತ್ತು, ನವಣೆಯು ತುಂಬಿತ್ತು, ಮಲಗಲೆಂದು ಅಕ್ಕಂದಿರು ತೂಗಹಾಕಿದ್ದ ಮಣ್ಣಿನ ಕುಡಿಕೆಯೇ ಪೊಟರೆಯಾಗಿತ್ತು, ಓದಿನ ದೀಪವು ರಾತ್ರಿ ಹತ್ತರ ವರೆಗೆ ಉರಿದು ಅವಳ ಹಗಲನ್ನು ಉದ್ದಮಾಡಿತ್ತು. ಕುಡಿಕೆಯನ್ನು ತೆಗೆದೆವು, ಸಂಜೆ ಆರೂವರೆಗೆ ಪಂಜರಕ್ಕೆ ಪರದೆಯನ್ನು ಹಾಕತೊಡಗಿದೆವು. ದಸರೆಯ ರಜೆಯ ಹೊತ್ತಿಗೆ ಮೂಗಿನ ಕಂದು ಪೊರೆಯು ಉದುರಿ ಬಿಳಿಚು ನೀಲಿಯು ತಿರುಗಿ ಕಾಣಿಸಿತು. ಅಂಗಡಿಯವನು ಆಗ ಬಂದು ನೋಡಿದ್ದರೆ ಮತ್ತೊಮ್ಮೆ ಗಂಡೆಂದೇ ಹೇಳುತ್ತಿದ್ದನೇನೋ.