ತೋಪಿನ ಮೇಲಿನ ಮೂರು ಹೆಸರು

ತಿಕೋಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಬಂದೂಕು ಇತ್ತು. ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸುವುದಕ್ಕಲ್ಲದೆ ಬೇರಾವ ಪರಾಕ್ರಮಕ್ಕೂ ಅಜ್ಜ ಅದನ್ನು ಬಳಸಿದವರಲ್ಲ. ಆದರೂ ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಸವರಿ ಒರೆಸುವಾಗ ಅವರ ಮುಖದಲ್ಲಿ ಸೇನಾಪತಿಯ ಗಾಂಭೀರ್ಯವೇ ಮೂಡುತ್ತಿತ್ತು. ಬಂದೂಕಿನ ಮಗ್ಗುಲ ಉಕ್ಕಿನ ತಗಡಿನ ಮೇಲೆ ಬಳ್ಳಿಯ ಕೆತ್ತನೆ. ಬಳ್ಳಿಯ ನಡುವೆ ಮೋಡಿ ಲಿಪಿಯಲ್ಲಿ ಯಾರದೋ ಹೆಸರು. ಅಜ್ಜ ಕೊಂಡಾಗಲೇ ಅದು ಅಲ್ಲಿತ್ತಂತೆ. ಎಂ.ಎ. ಪದವಿ ಪಡೆದು, ಹಳಗನ್ನಡ ಶಾಸನಗಳನ್ನು ತರಗತಿಯಲ್ಲಿ ಬಿಡಿಸಿ ಹೇಳುವ ನನಗೆ ಮನೆಯ ಗೋಡೆಯ ಮೇಲಿನ ಆ ಐದಾರು ಅಕ್ಷರಗಳು ಮಾತ್ರ ಇಂದಿಗೂ ಒಲಿದಿಲ್ಲ!

ಕಳೆದ ವರ್ಷ ಅಜ್ಜ ತೀರಿಕೊಂಡರು. ಪರವಾನಗಿ ಅವರ ಹೆಸರಿನದು. ಆದುದರಿಂದ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಬೇಕಾದರೆ ವಾರಸುದಾರರು ಹೊಸದಾಗಿ ಪರವಾನಗಿ ಕೇಳಿಕೊಳ್ಳಬೇಕು. ಕೊಡುವ ಮುನ್ನ ತಂದೆಯವರಿಗೆ ಒಂದು ಆಸೆ ಹುಟ್ಟಿತು.

“ಆ ಹಳೇ ಹೆಸರು ಅಳಸಿ ನಮ್ಮಪ್ಪನ ಹೆಸರು ಹಾಕಸು. ಬಂದೂಕು ನಮ್ಮದು, ಹೆಸರು ಮಂದೀದು ಯಾಕಿರಬೇಕು?”

ತಂದೆಯನ್ನು ಕಳೆದುಕೊಂಡ ಮಗನ ಮಾತು. ಇಲ್ಲವೆನ್ನಲು ನನ್ನಿಂದಾಗಲಿಲ್ಲ, ಮೇಲಾಗಿ ಆ ಆಸೆ ನನ್ನಲ್ಲಿಯೂ ಇತ್ತು.

ಆ ಭಾನುವಾರ ವಿಜಯಪುರಕ್ಕೆ ಹೋದೆ. ಬಂದೂಕನ್ನು ಒಯ್ಯಲಿಲ್ಲ, ಮೊದಲು ಪರಿಚಯದ ಪತ್ತಾರರೊಬ್ಬರ ಸಲಹೆ ಕೇಳುವುದಷ್ಟೇ ಉದ್ದೇಶ. ಅವರ ಅಂಗಡಿ ಸಂಜೆಗೆ ತೆರೆಯುವುದೆಂದು ತಿಳಿದು, ಹೊತ್ತು ಕಳೆಯಲು ಊರ ಪಡುವಣ ಕೋಟೆಗೋಡೆಯ ಶೆರ್ಜಾ ಬುರುಜನ್ನೇರಿದೆ. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಮಲಗಿದೆ. ಬಾಲ್ಯದಲ್ಲಿ ಅದನ್ನು ಕಲ್ಲಿನಿಂದ ಬಡಿದು ಗಂಟೆಯಂಥ ನಾದ ಕೇಳಿ ನಲಿದವರಲ್ಲಿ ನಾನೂ ಒಬ್ಬ. ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದ ಕಂಚಿನ ಗುಣವದು. ಹದಿನಾಲ್ಕು ಅಡಿಗೂ ಮಿಕ್ಕಿದ ಉದ್ದ, ಸುಮಾರು 55 ಟನ್ ತೂಕ. ಬಾಯಿಗೆ ಸಿಂಹದ ತಲೆಯ ರೂಪ. ತೆರೆದ ದವಡೆಗಳ ನಡುವೆ ಸಿಕ್ಕಿ ನಲುಗುತ್ತಿರುವ ಆನೆ. ಕೊಲ್ಲುವ ಸಾಧನಕ್ಕೂ ಇಷ್ಟು ಚೆಲುವು ಬೇಕೆನಿಸಿತು ಮನುಷ್ಯನಿಗೆ! ಶ್ರೀರಂಗಪಟ್ಟಣದ ಟಿಪ್ಪುವಿನ ಬಂದೂಕುಗಳ ಮೇಲೆಯೂ ಹುಲಿಯ ಪಟ್ಟೆಗಳು ಚಿನ್ನದಲ್ಲಿ ಮಿನುಗುತ್ತವೆ.

ಆದರೆ ಅಂದು ನನ್ನ ಕಣ್ಣನ್ನು ಸೆಳೆದುದು ಸಿಂಹವಲ್ಲ, ಬರಹ. ತೋಪಿನ ಮೈಮೇಲೆ ಮೂರು ಹೆಸರುಗಳಿವೆ. 1549ರಲ್ಲಿ ಅಹಮದನಗರದಲ್ಲಿ ಇದನ್ನು ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿಯದು ಒಂದು. ಮಾಡಿಸಿದ ನಿಜಾಮ್ ಶಾಹನದು ಮತ್ತೊಂದು. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ವಿಜಯಪುರಕ್ಕೆ ಎಳೆದು ತಂದರು. ಅದಕ್ಕೆ ನಾನೂರು ಎತ್ತು, ಹತ್ತು ಆನೆ ಬೇಕಾದವೆಂದು ಪ್ರತೀತಿ. 1686ರಲ್ಲಿ ಔರಂಗಜೇಬನು ಊರನ್ನು ಗೆದ್ದಾಗ ತನ್ನ ವಿಜಯದ ಬರಹವನ್ನು ಇದೇ ತೋಪಿನ ಮೇಲೆ ಕೆತ್ತಿಸಿದನು. ಅದು ಮೂರನೆಯದು.

ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿದ್ದೇನೆ. ಆದರೆ ಅದರಲ್ಲಡಗಿದ ಒಂದು ಸಂಗತಿ ಅಂದೇ ನನಗೆ ಹೊಳೆದದ್ದು: ಗೆದ್ದವನು ತನ್ನ ಹೆಸರನ್ನು ಸೇರಿಸಿದನು, ಹಿಂದಿನವರ ಹೆಸರನ್ನು ಅಳಿಸಲಿಲ್ಲ. ಸೋತ ಮನೆತನದ ಹೆಸರು ಉಳಿಯಿತು. ಕುಲುಮೆಯ ಮುಂದೆ ಬೆವರಿದ ಕುಶಲಕರ್ಮಿಯ ಹೆಸರೂ ಉಳಿಯಿತು. ಆ ಮೇಲೆ ಬಂದ ಆಂಗ್ಲರ ಕಾಲದಲ್ಲಿ, 1854ರಲ್ಲಿ, ತೋಪನ್ನೇ ಹರಾಜಿಗಿಟ್ಟರು. ಬಂದ ಬೆಲೆ ನೂರೈವತ್ತು ರೂಪಾಯಿ! ಪುಣ್ಯವಶಾತ್ ಮಾರಾಟ ರದ್ದಾಯಿತು. ಇಲ್ಲವಾದರೆ ಮೂರು ಹೆಸರೂ ಒಂದೇ ಮೂಸೆಯಲ್ಲಿ ಕರಗುತ್ತಿದ್ದವು.

ದೊರೆಯೇ ಮಾಡದ ಕೆಲಸಕ್ಕೆ ತಿಕೋಟಾದ ಉಪನ್ಯಾಸಕನೊಬ್ಬ ಹೊರಟಿದ್ದನಲ್ಲ ಎಂದು ನಾಚಿಕೆಯಾಯಿತು. ಆದರೂ ತಂದೆಯವರಿಗೆ ಏನು ಹೇಳಲಿ? ಸಂಜೆ ಪತ್ತಾರರ ಮುಂದೆ ಕುಳಿತೆ. ಅವರು ತಾಮ್ರದ ತಂಬಿಗೆಯೊಂದರ ಮೇಲೆ ಮದುಮಗಳ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತಿದ್ದರು. ಕೈ ನಿಲ್ಲಿಸದೆಯೇ ನನ್ನ ಮಾತು ಕೇಳಿದರು.

“ಉಕ್ಕಿನ ಮ್ಯಾಲಿನ ಹೆಸರು ಸೀಸದಕಡ್ಡೀಲೆ ಬರದದ್ದಲ್ಲ, ಸರ. ಅಳಸಬೇಕಂದ್ರ ಕೊರದಷ್ಟ ಆಳ ಸುತ್ತಲಿನ ಲೋಹಾನೂ ತೆಗೀಬೇಕು. ಬಳ್ಳೀನೂ ಹೋಗತೈತಿ. ಮತ್ತ ಕಾಯ್ದೆ ಬ್ಯಾರೆ ಐತಿ.”

ಅವರ ಮಾತು ನಿಜ. ಬಂದೂಕಿನ ಮೇಲಿನ ಹೆಸರನ್ನಾಗಲಿ ಗುರುತನ್ನಾಗಲಿ ಅಳಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸುತ್ತದೆ. ನಾನು ಏಳುವಾಗ ಅವರು ಮೆಲ್ಲಗೆ ಕೇಳಿದರು: “ನಿಮ್ಮಜ್ಜಾರು ಅಷ್ಟ ವರ್ಷ ಇಟ್ಕೊಂಡಿದ್ರಲ್ಲ, ಅವರ ಯಾಕ ಅಳಸಲಿಲ್ಲ?”

ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಮನೆಗೆ ಬಂದು ಅದನ್ನೇ ತಂದೆಯವರ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಅಜ್ಜನ ಬಟ್ಟೆಯಿಂದಲೇ ಆ ಹೆಸರನ್ನು ಒರೆಸತೊಡಗಿದರು. “ಖರೇನ. ಅಪ್ಪ ದಿನಾ ಇದನ್ನ ನೋಡತಿದ್ದ. ಒಮ್ಮೆನೂ ಅಳಸು ಅಂದಿದ್ದಿಲ್ಲ” ಎಂದರು. ಅವರ ದನಿ ಒಡೆದಿತ್ತು.

ಮರುದಿನ ಇಬ್ಬರೂ ಹೋಗಿ ಬಂದೂಕನ್ನು ಒಪ್ಪಿಸಿ ರಸೀದಿ ಪಡೆದೆವು. ರಸೀದಿಯಲ್ಲಿ ಅಜ್ಜನ ಹೆಸರಿದೆ. ಬಂದೂಕಿನ ಮೇಲೆ ಇಲ್ಲ. ತಂದೆಯವರು ಅದನ್ನು ಮಡಿಸಿ, ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಾನೀಗ ಮೋಡಿ ಅಕ್ಷರ ಕಲಿಯುತ್ತಿದ್ದೇನೆ. ಕೊಡುವ ಮುನ್ನ ಕಾಗದದಲ್ಲಿ ಆ ಹೆಸರಿನ ಅಚ್ಚು ತೆಗೆದುಕೊಂಡಿದ್ದೆ. ನಮ್ಮಜ್ಜ ಅಷ್ಟು ವರ್ಷ ಕಾಪಾಡಿದ ಹೆಸರು ಯಾರದೆಂದು ತಿಳಿಯಬೇಕಲ್ಲವೆ?